ಎಲೆಕ್ಟ್ರಾನ್ ಒಡೆಯಲಿಲ್ಲ, ಆದರೂ ಮೂರು ಪಾಲಾಯಿತು

ಎಲೆಕ್ಟ್ರಾನನ್ನು ಒಡೆಯಲು ಇವತ್ತಿನವರೆಗೂ ಯಾರಿಂದಲೂ ಆಗಿಲ್ಲ. ಎಷ್ಟೇ ಜೋರಾಗಿ ಡಿಕ್ಕಿ ಹೊಡೆಸಿದರೂ ಅದು ಇಡಿಯಾಗಿಯೇ ಹೊರಬರುತ್ತದೆ. ಅದರ ಚಾರ್ಜ್ ಕೂಡ ಚೂರೂ ಕಡಿಮೆಯಾಗುವುದಿಲ್ಲ.

1981ರ ಅಕ್ಟೋಬರ್‌ನಲ್ಲಿ ಅಮೆರಿಕದ ಎಂಐಟಿಯ ಕಾಂತ ಪ್ರಯೋಗಾಲಯದಲ್ಲಿ ಡೇನಿಯಲ್ ತ್ಸುಯಿ ಮತ್ತು ಹೋರ್ಸ್ಟ್ ಸ್ಟೋರ್ಮರ್ ಒಂದು ಗ್ರಾಫ್ ಮುಂದಿಟ್ಟುಕೊಂಡು ಕೂತಿದ್ದರು. ಇರಬಾರದ ಕಡೆ ಗೆರೆ ಸಮತಟ್ಟಾಗಿತ್ತು. ತ್ಸುಯಿ ಹೆಬ್ಬೆರಳು, ತೋರುಬೆರಳು ಅಗಲಿಸಿ ಕಾಗದದ ಮೇಲೆಯೇ ದೂರ ಅಳೆದರು. ಆಗ ಗೊತ್ತಿದ್ದ ಕೊನೆಯ ಸಮತಟ್ಟು ಜಾಗಕ್ಕಿದ್ದ ದೂರದ ಸರಿಯಾಗಿ ಮೂರು ಪಟ್ಟು. "ಕ್ವಾರ್ಕ್!" ಎಂದು ತಮಾಷೆ ಮಾಡಿದರು. ಮೂರನೇ ಒಂದರ ಲೆಕ್ಕದಲ್ಲಿ ಚಾರ್ಜ್ ಇರುವುದು ಪ್ರೋಟಾನಿನೊಳಗಿನ ಕಣಗಳಾದ ಕ್ವಾರ್ಕ್‌ಗಳಿಗೆ ಮಾತ್ರ ಎಂದು ಆಗ ಎಲ್ಲರೂ ತಿಳಿದಿದ್ದರು. ಆದರೆ ಅವರು ಅಳೆಯುತ್ತಿದ್ದ ಅರೆವಾಹಕದ ತುಂಡಿನೊಳಗೆ ಓಡಾಡುತ್ತಿದ್ದದ್ದು ಬರೀ ಎಲೆಕ್ಟ್ರಾನ್‌ಗಳು.

ಅವರು ಹುಡುಕುತ್ತಿದ್ದದ್ದೂ ಬೇರೆಯದೇ. ಎಲೆಕ್ಟ್ರಾನ್‌ಗಳು ಒಂದನ್ನೊಂದು ತಳ್ಳುತ್ತವೆ. ಈ ತಳ್ಳಾಟ ಉಳಿದೆಲ್ಲಕ್ಕಿಂತ ಬಲವಾದರೆ ಅವು ಓಡಾಟ ಬಿಟ್ಟು, ಸಮ ದೂರದಲ್ಲಿ ಸಾಲಾಗಿ ನಿಂತು ಹರಳಾಗುತ್ತವೆ ಎಂದು ಯೂಜೀನ್ ವಿಗ್ನರ್ 1934ರಲ್ಲೇ ಹೇಳಿದ್ದರು. ಆ ಹರಳು ಸಿಗುತ್ತದೇನೋ ಎಂಬ ಆಸೆ ಇವರದು.

ಪ್ರಯೋಗ ಕೇಳುವುದಕ್ಕೆ ಸರಳ. ಎರಡು ಅರೆವಾಹಕಗಳು ಕೂಡುವ ಕಡೆ ಎಲೆಕ್ಟ್ರಾನ್‌ಗಳನ್ನು ತೆಳು ಪದರದಲ್ಲಿ ಸಿಕ್ಕಿಸುತ್ತಾರೆ. ಮೇಲೆ ಕೆಳಗೆ ಹೋಗುವಂತಿಲ್ಲ, ಅಡ್ಡಡ್ಡ ಮಾತ್ರ ಓಡಾಡಬಹುದು. ಅದರ ಮೂಲಕ ಕರೆಂಟ್ ಹರಿಸಿ, ಲಂಬವಾಗಿ ಕಾಂತಕ್ಷೇತ್ರ ಹಾಕುತ್ತಾರೆ. ಆಗ ಪದರದ ಅಡ್ಡಕ್ಕೆ ಒಂದು ವೋಲ್ಟೇಜ್ ಹುಟ್ಟುತ್ತದೆ. ಆ ವೋಲ್ಟೇಜನ್ನು ಕರೆಂಟ್‌ನಿಂದ ಭಾಗಿಸಿದರೆ ಬರುವುದು ಹಾಲ್ ರೋಧ. ಹಳೆಯ ಭೌತಶಾಸ್ತ್ರದ ಪ್ರಕಾರ ಕಾಂತಕ್ಷೇತ್ರ ಏರಿದಂತೆ ಇದೂ ನೇರ ಗೆರೆಯಲ್ಲಿ ಏರಬೇಕು. 1980ರಲ್ಲಿ ಕ್ಲಾಸ್ ಫಾನ್ ಕ್ಲಿಟ್ಜಿಂಗ್ ನೋಡಿದಾಗ ಅದು ಮೆಟ್ಟಿಲು ಮೆಟ್ಟಿಲಾಗಿ ಏರುತ್ತಿತ್ತು. ಪ್ರತಿ ಮೆಟ್ಟಿಲಿನ ಬೆಲೆ 25,812.807 ಓಮ್ ಭಾಗಿಸು ಒಂದು ಪೂರ್ಣಾಂಕ. ಒಂದು, ಎರಡು, ಮೂರು, ನಾಲ್ಕು, ಹೀಗೆ. ಇದಕ್ಕೆ ಎಲೆಕ್ಟ್ರಾನ್‌ಗಳ ತಳ್ಳಾಟ ಬೇಕಿಲ್ಲ. ಒಂದೊಂದನ್ನೂ ಬಿಡಿಬಿಡಿಯಾಗಿ ಲೆಕ್ಕ ಹಾಕಿದರೂ ವಿವರಣೆ ಸಿಗುತ್ತದೆ.

ತ್ಸುಯಿ, ಸ್ಟೋರ್ಮರ್ ನೋಡಿದ ಮೆಟ್ಟಿಲಿನಲ್ಲಿ ಆ ಪೂರ್ಣಾಂಕದ ಜಾಗದಲ್ಲಿ ಮೂರನೇ ಒಂದು ಕೂತಿತ್ತು. ತಾಪಮಾನ ಅರ್ಧ ಕೆಲ್ವಿನ್ ಆಸುಪಾಸು, ಕಾಂತಕ್ಷೇತ್ರ ಸುಮಾರು 15 ಟೆಸ್ಲಾ, ಅಂದರೆ ಭೂಮಿಯ ಕಾಂತಕ್ಷೇತ್ರದ 3 ಲಕ್ಷ ಪಟ್ಟು. ಇದಕ್ಕೆ ಬೇಕಾದ ಚೊಕ್ಕವಾದ ಅರೆವಾಹಕದ ಹರಳು ಬೆಳೆಸಿಕೊಟ್ಟವರು ಆರ್ಥರ್ ಗೊಸ್ಸಾರ್ಡ್. 1982ರ ಲೇಖನದಲ್ಲಿ ಅವರ ಹೆಸರಿದೆ, ತ್ಸುಯಿ, ಸ್ಟೋರ್ಮರ್ ಮತ್ತು ಸಿದ್ಧಾಂತಿ ರಾಬರ್ಟ್ ಲಾಫ್ಲಿನ್‌ಗೆ ಬಂದ 1998ರ ನೊಬೆಲ್‌ನಲ್ಲಿ ಇಲ್ಲ. ಒಂದು ಬಹುಮಾನ ಮೂವರಿಗಿಂತ ಜಾಸ್ತಿ ಜನಕ್ಕೆ ಹೋಗುವಂತಿಲ್ಲ ಎಂಬ ನಿಯಮ ನಂಗೇನೋ ಸರಿ ಅನ್ನಿಸುವುದಿಲ್ಲ.

ಈಗ ಸಿದ್ಧಾಂತದವರ ಪಾಡು ನೋಡಿ. ಪದರದೊಳಗೆ ಎಲೆಕ್ಟ್ರಾನ್‌ಗಳಿಗೆ ಎಷ್ಟು ಜಾಗ ಎಂದು ಗೊತ್ತುಮಾಡುವುದು ಕಾಂತಕ್ಷೇತ್ರ. ಕ್ಷೇತ್ರ ಏರಿಸಿದಷ್ಟೂ ಜಾಗ ಜಾಸ್ತಿ. ಈ ಮೆಟ್ಟಿಲಿನ ಹತ್ತಿರ ಒಂದೊಂದು ಎಲೆಕ್ಟ್ರಾನಿಗೆ ಮೂರು ಮೂರು ಜಾಗ ಇರುತ್ತದೆ. ತಳ್ಳಾಟ ಇಲ್ಲದಿದ್ದರೆ ಯಾರು ಎಲ್ಲಿ ಕೂತರೂ ಶಕ್ತಿಯ ಖರ್ಚು ಒಂದೇ. 90 ಜಾಗಗಳಲ್ಲಿ 30 ಎಲೆಕ್ಟ್ರಾನ್‌ಗಳನ್ನು ಕೂರಿಸುವ ಬಗೆಗಳನ್ನು ಎಣಿಸಲು ಹೊರಟರೆ ಆರರ ಮುಂದೆ 23 ಸೊನ್ನೆ ಇಟ್ಟರೂ ಸಾಲದು. ನಿಜವಾದ ಹಾಳೆಯಲ್ಲಿ ಒಂದು ಚದರ ಸೆಂಟಿಮೀಟರಿಗೆ ಹತ್ತು ಸಾವಿರ ಕೋಟಿಯಷ್ಟು ಎಲೆಕ್ಟ್ರಾನ್‌ಗಳಿರುತ್ತವೆ. ಈ ಎಲ್ಲಾ ಬಗೆಗಳಲ್ಲಿ ಒಂದನ್ನು ಆರಿಸುವುದು ತಳ್ಳಾಟ ಮಾತ್ರ. ಮೊದಲು ಒಬ್ಬರ ಲೆಕ್ಕ ಮಾಡಿ, ಆಮೇಲೆ ಚಿಕ್ಕ ತಿದ್ದುಪಡಿ ಸೇರಿಸುವ ಹಳೆಯ ದಾರಿ ಇಲ್ಲಿ ನಡೆಯುವುದೇ ಇಲ್ಲ. ತಿದ್ದುಪಡಿಯೇ ಇಡೀ ಕಥೆ.

ಹಾಗಾದರೆ ಏನು ಮಾಡಬೇಕು? ರಾಬರ್ಟ್ ಲಾಫ್ಲಿನ್ 1983ರಲ್ಲಿ ಸುಮ್ನೆ ಉತ್ತರವನ್ನು ಊಹಿಸಿಬಿಟ್ಟರು. ಎಲ್ಲಾ ಎಲೆಕ್ಟ್ರಾನ್‌ಗಳಿಗೂ ಸೇರಿ ಒಂದೇ ಒಂದು ತರಂಗ ಸೂತ್ರ. ಯಾವ ಎರಡು ಎಲೆಕ್ಟ್ರಾನ್ ಹತ್ತಿರ ಬಂದರೂ ಅವುಗಳ ನಡುವಿನ ದೂರದ ಘನದಂತೆ ಅದು ಸೊನ್ನೆಗೆ ಇಳಿಯುತ್ತದೆ. ದೂರ ಅರ್ಧವಾದರೆ ಎಂಟನೇ ಒಂದು ಭಾಗ. ಎಲ್ಲರೂ ಎಲ್ಲರಿಂದಲೂ ತಪ್ಪಿಸಿಕೊಂಡೇ ಓಡಾಡುವ ದ್ರವ ಎನ್ನಬಹುದು. ಮುಂದೆ ಬೆರಳೆಣಿಕೆಯಷ್ಟು ಎಲೆಕ್ಟ್ರಾನ್‌ಗಳಿಗೆ ಕಂಪ್ಯೂಟರಿನಲ್ಲಿ ಪೂರ್ತಿ ಲೆಕ್ಕ ಮಾಡಿ ನೋಡಿದರು. ಊಹೆ ಅದಕ್ಕೆ ನಂಬಲಾಗದಷ್ಟು ಹತ್ತಿರವಿತ್ತು. ಸಿದ್ಧಾಂತ ಅಂದರೆ ಪುಟಗಟ್ಟಲೆ ಲೆಕ್ಕ ಎಂದುಕೊಂಡಿದ್ದ ನನಗೆ ಇದು ಇವತ್ತಿಗೂ ಸೋಜಿಗವೇ.

ಸರಿ, ಮೂರನೇ ಒಂದು ಚಾರ್ಜ್ ಎಲ್ಲಿಂದ ಬಂತು? ಇದನ್ನು ಕುರ್ಚಿಗಳಲ್ಲೇ ಎಣಿಸಿ ನೋಡಬಹುದು. ಉದ್ದಕ್ಕೆ ಕುರ್ಚಿಗಳ ಸಾಲು. ಒಬ್ಬರು ಕೂತ ಮೇಲೆ ಎರಡು ಖಾಲಿ, ಮತ್ತೆ ಒಬ್ಬರು, ಮತ್ತೆ ಎರಡು ಖಾಲಿ. ಹಾಳೆಯನ್ನು ಸುರುಳಿ ಸುತ್ತಿ ತುಂಬಾ ಸಣ್ಣದು ಮಾಡಿದರೆ ಲಾಫ್ಲಿನ್ನರ ದ್ರವ ನಿಜಕ್ಕೂ ಇದೇ ಸಾಲಾಗುತ್ತದೆ. ಈಗ ನಡುವಿನಿಂದ ಒಬ್ಬರನ್ನು ಎಬ್ಬಿಸಿ ಕಳಿಸಿ. ಅಲ್ಲಿ ಒಟ್ಟಿಗೆ ಐದು ಕುರ್ಚಿ ಖಾಲಿ, ಅಂದರೆ ಮಾಮೂಲಿಗಿಂತ ಮೂರು ಹೆಚ್ಚು. ಆ ತೆರಪಿನ ಬಲಗಡೆಯವರು ಒಂದು ಕುರ್ಚಿ ಎಡಕ್ಕೆ ಬರಲಿ, ಎಡಗಡೆಯವರು ಒಂದು ಕುರ್ಚಿ ಬಲಕ್ಕೆ ಸರಿಯಲಿ. ಈಗ ಮೂರು ಕಡೆ ಮೂರು ಮೂರು ಖಾಲಿ, ಪ್ರತಿ ಕಡೆಯೂ ಒಂದೊಂದು ಕುರ್ಚಿ ಹೆಚ್ಚು. ಹೋದದ್ದು ಒಬ್ಬರೇ, ಕೊರತೆ ಮಾತ್ರ ಮೂರು ಕಡೆ ಹಂಚಿಹೋಗಿದೆ. ಮುಂದೆ ಇನ್ನೂ ಕೆಲವರು ಹೀಗೇ ಒಂದೊಂದು ಕುರ್ಚಿ ಸರಿದರೆ ಆ ಮೂರು ತೆರಪುಗಳು ದೂರ ದೂರ ಹೋಗುತ್ತವೆ, ಒಂದಕ್ಕೊಂದು ಸಂಬಂಧವೇ ಇಲ್ಲದಂತೆ. ಪ್ರತಿಯೊಂದರ ಚಾರ್ಜ್ ಎಲೆಕ್ಟ್ರಾನಿನ ಮೂರನೇ ಒಂದು. ಯಾರೂ ತುಂಡಾಗಿಲ್ಲ ಅಲ್ವಾ?

ಇದು ಬರೀ ಕಾಗದದ ಲೆಕ್ಕ ಎನ್ನುವವರಿಗೆ 1997ರಲ್ಲಿ ಉತ್ತರ ಸಿಕ್ಕಿತು. ತಗಡಿನ ಮಾಡಿನ ಮೇಲೆ ತುಂತುರು ಮಳೆ ಬಿದ್ದರೂ ಆಲಿಕಲ್ಲು ಬಿದ್ದರೂ ಸೇರುವ ನೀರು ಒಂದೇ ಇರಬಹುದು, ಸದ್ದು ಬೇರೆ. ಕರೆಂಟ್‌ಗೂ ಹಾಗೇ ಒಂದು ಗದ್ದಲ ಇರುತ್ತದೆ. ಅದನ್ನು ಅಳೆದರೆ ಚಾರ್ಜ್ ಎಷ್ಟೆಷ್ಟು ದಪ್ಪದ ಹನಿಗಳಲ್ಲಿ ಬರುತ್ತಿದೆ ಎಂದು ಹೇಳಬಹುದು. ಇಸ್ರೇಲಿನ ವೈಜ್‌ಮನ್ ಸಂಸ್ಥೆಯಲ್ಲಿ ಮತ್ತು ಫ್ರಾನ್ಸಿನ ಸಾಕ್ಲೆಯಲ್ಲಿ ಬೇರೆಬೇರೆಯಾಗಿ ಅಳೆದರು. ಇಬ್ಬರಿಗೂ ಸಿಕ್ಕ ಹನಿ ಮೂರನೇ ಒಂದರದ್ದೇ.

ಆದರೆ ಮೆಟ್ಟಿಲುಗಳು ಅಲ್ಲಿಗೇ ನಿಲ್ಲಲಿಲ್ಲ. ಐದನೇ ಎರಡು (2/5), ಏಳನೇ ಮೂರು (3/7) ಎಂದು ಸಾಲುಸಾಲಾಗಿ ಬಂದವು. ಲಾಫ್ಲಿನ್ನರ ಸೂತ್ರ ಇವಕ್ಕೆ ನೇರವಾಗಿ ಹೊಂದುವುದಿಲ್ಲ. ಭಾರತದಲ್ಲಿ ಹುಟ್ಟಿದ ಜೈನೇಂದ್ರ ಜೈನ್ 1989ರಲ್ಲಿ ಇದನ್ನು ಬೇರೆ ಬಗೆಯಲ್ಲಿ ನೋಡಿದರು. ಒಂದೊಂದು ಎಲೆಕ್ಟ್ರಾನ್ ಎರಡೆರಡು ಸುಳಿಗಳನ್ನು ಹೊತ್ತು ಓಡಾಡುತ್ತದೆ, ಎಲೆಕ್ಟ್ರಾನ್ ಮತ್ತು ಸುಳಿ ಸೇರಿ ಒಂದು ಹೊಸ ಕಣ ಎಂದುಕೊಳ್ಳಿ ಎಂದರು. ಸುಳಿಗಳು ಕಾಂತಕ್ಷೇತ್ರದ ದೊಡ್ಡ ಪಾಲನ್ನು ನುಂಗಿಹಾಕುತ್ತವೆ. ಉಳಿದ ಚಿಕ್ಕ ಕ್ಷೇತ್ರದಲ್ಲಿ ಈ ಹೊಸ ಕಣಗಳು ಮಾಮೂಲಿ ಪೂರ್ಣಾಂಕದ ಮೆಟ್ಟಿಲುಗಳನ್ನೇ ಹತ್ತುತ್ತವೆ. ಎರಡನೇ ಮೆಟ್ಟಿಲು ನಮಗೆ ಐದನೇ ಎರಡಾಗಿ ಕಾಣುತ್ತದೆ, ಮೂರನೆಯದು ಏಳನೇ ಮೂರಾಗಿ. ಇಷ್ಟು ಗೋಜಲಿನೊಳಗೆ ಇಷ್ಟು ಸುಲಭದ ಲೆಕ್ಕ ಅಡಗಿತ್ತು. 1987ರಲ್ಲಿ ಕಂಡ ಎರಡನೇ ಐದು (5/2) ಮಾತ್ರ ಈ ಸಾಲಿಗೆ ಸೇರುವುದಿಲ್ಲ. ಅದರ ಒಳಗುಟ್ಟಿನ ಬಗ್ಗೆ ವಾದ ಇನ್ನೂ ನಡೆದೇ ಇದೆ.

ಇದಕ್ಕೆಲ್ಲ ದೈತ್ಯ ಕಾಂತ ಬೇಕೇ ಬೇಕೇ? ಬೇಡ, ಹರಳಿನ ರಚನೆಯೇ ಕಾಂತದ ಕೆಲಸ ಮಾಡಬಲ್ಲದು ಎಂದು 2011ರಲ್ಲಿ ಹಲವು ಸಿದ್ಧಾಂತಿಗಳು ತೋರಿಸಿದರು. 12 ವರ್ಷ ಯಾರಿಗೂ ಅದು ಸಿಗಲಿಲ್ಲ. 2023ರಲ್ಲಿ ಮಾಲಿಬ್ಡಿನಂ ಟೆಲ್ಯುರೈಡಿನ ಎರಡು ಹಾಳೆಗಳನ್ನು 3.7 ಡಿಗ್ರಿಯಷ್ಟು ಓರೆಯಾಗಿಸಿ ಒಂದರ ಮೇಲೊಂದು ಇಟ್ಟಾಗ ಸಿಕ್ಕಿತು. ಹೊರಗಿನ ಕಾಂತಕ್ಷೇತ್ರ ಸೊನ್ನೆ ಇದ್ದಾಗಲೂ ಮೂರನೇ ಎರಡರ (2/3) ಮೆಟ್ಟಿಲು.

ಅದರ ಬೆನ್ನಿಗೇ ಎಂಐಟಿಯವರು ಐದು ಪದರದ ಗ್ರಾಫೀನಿನಲ್ಲೂ (ಒಂದೇ ಪರಮಾಣು ದಪ್ಪದ ಇಂಗಾಲದ ಹಾಳೆ) ಇಂಥ ಭಿನ್ನರಾಶಿಗಳನ್ನು ಕಂಡರು. ಇಲ್ಲಿ ಸಿದ್ಧಾಂತಿಗಳು ಗೊಂದಲಕ್ಕೆ ಬಿದ್ದರು. ಆಮೇಲೆ ಅದೇ ಸಾಧನವನ್ನು ಇನ್ನಷ್ಟು ತಣ್ಣಗೆ ಮಾಡಿ, ತೀರಾ ಚಿಕ್ಕ ಕರೆಂಟ್ ಹರಿಸಿ ನೋಡಿದರೆ ಭಿನ್ನರಾಶಿಗಳೇ ಮಾಯ. ಆ ಜಾಗದಲ್ಲಿ ಪೂರ್ಣಾಂಕ ಒಂದು ಕೂತಿತ್ತು. ಯಾಕೆ ಎನ್ನುವುದಕ್ಕೆ ಈಗ ಓಡಾಡುತ್ತಿರುವ ಊಹೆಗಳಲ್ಲಿ ಒಂದು ಹೀಗಿದೆ: ಎಲೆಕ್ಟ್ರಾನ್‌ಗಳು ದ್ರವವಾಗಿ ಉಳಿಯದೆ ಹರಳುಗಟ್ಟಿರಬೇಕು. 1981ರಲ್ಲಿ ತ್ಸುಯಿ, ಸ್ಟೋರ್ಮರ್ ಹುಡುಕಿಕೊಂಡು ಹೋಗಿದ್ದ ವಿಗ್ನರ್ ಹರಳಿನ ಹತ್ತಿರದ ನೆಂಟ.