ತಟ್ಟಿದರೆ ತೆರೆಯಬೇಕು: ವೆಬ್ ಪುಟದ ಮಡಚುವ ಭಾಗಗಳ ಬಗ್ಗೆ

ಒಂದು ಸಂಸ್ಥೆಯವರು ತಮ್ಮ ಸಹಾಯ ಪುಟವನ್ನು ಸರಿಮಾಡಿಕೊಡಿ ಅಂತ ಕರೆದಿದ್ದರು. ಪುಟದ ತುಂಬ ಪ್ರಶ್ನೆಗಳ ಸಾಲು. ಪ್ರಶ್ನೆ ಮುಟ್ಟಿದರೆ ಕೆಳಗೆ ಉತ್ತರ ಬಿಚ್ಚಿಕೊಳ್ಳಬೇಕು. ಕೆಲಸಕ್ಕೆ ಕೈ ಹಾಕುವ ಮೊದಲು, ಆ ಪುಟವನ್ನು ನಿಜವಾಗಿ ಬಳಸುವ ಒಬ್ಬ ಹಿರಿಯರ ಪಕ್ಕ ಕೂತು ನೋಡಿದೆ. ಫೋನ್ ಹಳೆಯದು, ಸಿಗ್ನಲ್ ಕಡಿಮೆ. ಅರ್ಜಿ ಜೊತೆ ಯಾವ್ಯಾವ ದಾಖಲೆ ಕೊಡಬೇಕು ಅನ್ನುವ ಪ್ರಶ್ನೆಯನ್ನು ಹುಡುಕಿ ಮುಟ್ಟಿದರು. ಏನೂ ಆಗಲಿಲ್ಲ. ಇನ್ನೊಂದು ಸಲ ಮುಟ್ಟಿದರು. ಬೆರಳನ್ನು ಅಂಗಿಗೆ ಒರೆಸಿಕೊಂಡು ಮೂರನೇ ಸಲ ಮುಟ್ಟಿದರು. "ನನ್ನ ಬೆರಳೇ ಸರಿಯಿಲ್ಲ ಅನ್ಸುತ್ತೆ ಕಣಮ್ಮಾ" ಅಂದರು.

ಅವರ ಬೆರಳು ಸರಿಯಾಗೇ ಇತ್ತು. ಉತ್ತರ ಬಿಚ್ಚಬೇಕಾದ ಸ್ಕ್ರಿಪ್ಟ್, ಅಂದರೆ ಪುಟದ ಜೊತೆ ಬರುವ ಸಣ್ಣ ಪ್ರೋಗ್ರಾಂ, ಇನ್ನೂ ಅವರ ಫೋನಿಗೆ ಬಂದು ಮುಟ್ಟಿರಲಿಲ್ಲ. ಅಕ್ಷರಗಳು ಕಾಣುತ್ತಿದ್ದವು, ಆದರೆ ಪುಟ ಕೆಲಸಕ್ಕೆ ತಯಾರಾಗಿರಲಿಲ್ಲ. ಆಮೇಲೆ ಒಳಗೆ ಇಣುಕಿದೆ. ಒಂದು ಅಕಾರ್ಡಿಯನ್ ಪ್ಲಗಿನ್, ಅಂದರೆ ಹೀಗೆ ಬಿಚ್ಚಿ ಮಡಚುವ ಭಾಗಗಳನ್ನು ಮಾಡಿಕೊಡುವ ಸಿದ್ಧ ಕೋಡ್. ಅದು ನಡೆಯಲು ಜೆಕ್ವೆರಿ ಅನ್ನುವ ಸ್ಕ್ರಿಪ್ಟ್ ಸಂಗ್ರಹ ಬೇಕು, ಅದನ್ನು ಕುಗ್ಗಿಸಿ ಕಳಿಸಿದರೂ ಸುಮಾರು 30 ಕೆಬಿ. ಪ್ಲಗಿನ್ನಿನದೇ ಒಂದು ಸ್ಟೈಲ್ ಫೈಲ್. ಪಕ್ಕದಲ್ಲಿ ಕಾಣುವ ಸಣ್ಣ ಬಾಣಕ್ಕಾಗಿ ಒಂದು ಇಡೀ ಐಕಾನ್ ಫಾಂಟ್. ಇವೆಲ್ಲ ಬರುವವರೆಗೆ ಅವರು ಕಾಯಬೇಕು. ಕಾಯಬೇಕು ಅಂತ ಅವರಿಗೆ ಹೇಳುವವರೂ ಇಲ್ಲ.

ಬೇಜಾರಿನ ವಿಷಯ ಅಂದರೆ, ಈ ಕೆಲಸ ಬ್ರೌಸರಿಗೆ ಮೊದಲೇ ಬರುತ್ತದೆ. ವೆಬ್ ಪುಟ ಬರೆಯುವ ಭಾಷೆಯಾದ ಎಚ್‌ಟಿಎಂಎಲ್‌ನಲ್ಲೇ ಇದಕ್ಕೆ ಟ್ಯಾಗ್ ಇದೆ, ಹೆಸರು ಡೀಟೇಲ್ಸ್ (details). ಕ್ರೋಮ್‌ಗೆ ಅದು ಬಂದದ್ದು 2011ರಲ್ಲಿ. ಮಾರನೇ ವರ್ಷ ಸಫಾರಿಗೆ ಬಂತು. ಫೈರ್‌ಫಾಕ್ಸ್ 2016ರವರೆಗೆ ಕಾಯಿಸಿತು. ಎಡ್ಜ್ 2020ರ ಜನವರಿಯಲ್ಲಿ ಕ್ರೋಮ್‌ನ ಬುನಾದಿಯಾದ ಕ್ರೋಮಿಯಂ ಮೇಲೆ ನಿಂತಾಗ ಕೊನೆಯ ಕೊರತೆಯೂ ನೀಗಿತು. ಅಂದರೆ ವರ್ಷಗಳಿಂದ ಎಲ್ಲ ಮುಖ್ಯ ಬ್ರೌಸರ್‌ಗಳಲ್ಲೂ ಇದು ನಡೆಯುತ್ತಿದೆ. ಆದರೂ ಹಳೇ ಅಭ್ಯಾಸದಿಂದ ನಾವು ಪ್ಲಗಿನ್ ಹುಡುಕಿಕೊಂಡು ಹೋಗುತ್ತೇವೆ.

ಬಳಸುವುದು ಹೇಗೆ? ಹೊರಗೆ ಡೀಟೇಲ್ಸ್ ಟ್ಯಾಗ್. ಅದರ ಒಳಗೆ ಮೊದಲಿಗೆ ಸಮ್ಮರಿ (summary) ಟ್ಯಾಗ್, ಸದಾ ಕಾಣುವ ಸಾಲು ಅದರಲ್ಲಿರಲಿ. ಅದರ ಕೆಳಗೆ ಪ್ಯಾರಾ, ಪಟ್ಟಿ, ಚಿತ್ರ, ಟೇಬಲ್, ಏನು ಬೇಕಾದರೂ ಹಾಕಿ. ಮುಗಿಯಿತು. ಪಕ್ಕದಲ್ಲಿ ಸಣ್ಣ ತ್ರಿಕೋನ ತಾನಾಗೇ ಬರುತ್ತದೆ. ಮುಟ್ಟಿದರೆ ತೆರೆಯುತ್ತದೆ, ಮತ್ತೆ ಮುಟ್ಟಿದರೆ ಮುಚ್ಚುತ್ತದೆ. ಒಂದು ಸಾಲು ಸ್ಕ್ರಿಪ್ಟ್ ಕೂಡ ಬೇಡ. ಸಮ್ಮರಿ ಮರೆತರೆ ಬ್ರೌಸರ್ ತನ್ನದೇ ಒಂದು ಪದವನ್ನು ಅಲ್ಲಿ ಹಾಕುತ್ತದೆ, ಅದರಿಂದ ಓದುಗರಿಗೆ ಏನೂ ತಿಳಿಯುವುದಿಲ್ಲ. ಹಾಗಾಗಿ ಮರೆಯಬೇಡಿ.

ಮೊದಲಿನಿಂದಲೇ ತೆರೆದಿರಬೇಕು ಅಂದರೆ ಡೀಟೇಲ್ಸ್ ಟ್ಯಾಗ್‌ಗೆ ಓಪನ್ ಅನ್ನುವ ಒಂದು ಪದ ಸೇರಿಸಬೇಕು. ಇಲ್ಲಿ ಎಷ್ಟೋ ಜನ ಎಡವುತ್ತಾರೆ. ಓಪನ್ ಮುಂದೆ ಫಾಲ್ಸ್ ಅಂತ ಬರೆದರೆ ಮುಚ್ಚಿರುತ್ತದೆ ಅಂದುಕೊಳ್ಳುತ್ತಾರೆ. ಇಲ್ಲ, ಆಗಲೂ ತೆರೆದೇ ಇರುತ್ತದೆ. ಬ್ರೌಸರ್ ನೋಡುವುದು ಆ ಪದ ಇದೆಯೋ ಇಲ್ಲವೋ ಅನ್ನುವುದನ್ನು ಮಾತ್ರ. ಮುಚ್ಚಿರಬೇಕು ಅಂದರೆ ಪದವನ್ನೇ ತೆಗೆದುಹಾಕಬೇಕು.

ಕೆಬಿ ಉಳಿಯುತ್ತದೆ ಅನ್ನುವುದಕ್ಕಿಂತ ದೊಡ್ಡ ಕಾರಣ ಒಂದಿದೆ, ಅದಕ್ಕಾಗಿಯೇ ನಾನು ಈ ಟ್ಯಾಗ್ ಪರ ವಾದಿಸುವುದು. ಕೈಯಿಂದ ಮಾಡಿದ ಅಕಾರ್ಡಿಯನ್‌ಗಳನ್ನು ತೆಗೆದು ನೋಡಿ. ಸಾಮಾನ್ಯವಾಗಿ ಒಂದು ಡಿವ್ (ತನ್ನದೇ ಅರ್ಥವಿಲ್ಲದ ಬರೀ ಡಬ್ಬಿಯಂಥ ಟ್ಯಾಗ್), ಅದರ ಮೇಲೆ ಕ್ಲಿಕ್ ಆದಾಗ ನಡೆಯುವ ಒಂದು ಫಂಕ್ಷನ್. ಮೌಸ್ ಹಿಡಿದವರಿಗೆ ಅದು ಕೆಲಸ ಮಾಡುತ್ತದೆ. ಕೀಬೋರ್ಡ್ ಮಾತ್ರ ಬಳಸುವವರು ಟ್ಯಾಬ್ ಒತ್ತಿದರೆ ಫೋಕಸ್ ಆ ಡಿವ್ ಹತ್ತಿರ ನಿಲ್ಲುವುದೇ ಇಲ್ಲ, ಮುಂದಿನ ಲಿಂಕಿಗೆ ಹೋಗಿಬಿಡುತ್ತದೆ. ಕಣ್ಣು ಕಾಣದವರಿಗೆ ಪರದೆಯನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಅದನ್ನು ಬರೀ ಪಠ್ಯ ಅಂತ ಓದುತ್ತದೆ. ಇಲ್ಲಿ ಒಳಗೆ ಇನ್ನೂ ಏನೋ ಇದೆ, ಒತ್ತಿದರೆ ತೆರೆಯುತ್ತದೆ ಅಂತ ಅವರಿಗೆ ಯಾರು ಹೇಳಬೇಕು? ಸಮ್ಮರಿ ಟ್ಯಾಗ್ ಹಾಕಿದರೆ ಟ್ಯಾಬ್ ಒತ್ತಿದಾಗ ಫೋಕಸ್ ಅಲ್ಲಿ ನಿಲ್ಲುತ್ತದೆ. ಎಂಟರ್ ಅಥವಾ ಸ್ಪೇಸ್ ಒತ್ತಿದರೆ ತೆರೆಯುತ್ತದೆ. ಈಗ ತೆರೆದಿದೆ, ಈಗ ಮುಚ್ಚಿದೆ ಅನ್ನುವುದು ಸ್ಕ್ರೀನ್ ರೀಡರಿಗೂ ತಿಳಿಯುತ್ತದೆ. ನೀವು ಯೋಚಿಸದೇ ಇದ್ದ ಓದುಗರನ್ನೂ ಆ ಟ್ಯಾಗ್ ನೋಡಿಕೊಳ್ಳುತ್ತದೆ.

ಸ್ಕ್ರಿಪ್ಟ್ ಬೇಡ ಅಂತ ಚೆಕ್‌ಬಾಕ್ಸ್ ಒಂದನ್ನು ಬಚ್ಚಿಟ್ಟು, ಲೇಬಲ್ ಮುಟ್ಟಿದರೆ ತೆರೆಯುವ ಹಾಗೆ ಮಾಡುವ ಒಂದು ಹಳೆಯ ಉಪಾಯವೂ ಇದೆ. ಅದನ್ನು ಇನ್ನು ಬಿಟ್ಟುಬಿಡಿ. ಉತ್ತರ ಓದಲು ಬಂದವರಿಗೆ "ಚೆಕ್‌ಬಾಕ್ಸ್, ಗುರುತು ಹಾಕಿಲ್ಲ" ಅಂತ ಕೇಳಿಸಿದರೆ ಅವರು ಏನಂದುಕೊಳ್ಳಬೇಕು? ಯಾವುದೋ ಕಾರಣಕ್ಕೆ ನೀವೇ ಮಾಡಬೇಕಾಗಿ ಬಂದರೆ ನಿಜವಾದ ಬಟನ್ ಟ್ಯಾಗ್ ಬಳಸಿ, ತೆರೆದಿದೆಯೋ ಇಲ್ಲವೋ ಅಂತ ಸ್ಕ್ರೀನ್ ರೀಡರಿಗೆ ಹೇಳುವ aria-expanded ಅನ್ನು ಅದಕ್ಕೆ ಸೇರಿಸಿ, ತೆರೆದಾಗ ಟ್ರೂ, ಮುಚ್ಚಿದಾಗ ಫಾಲ್ಸ್ ಅಂತ ಬದಲಾಯಿಸಿ.

ಅಲಂಕಾರದ ವಿಷಯಕ್ಕೆ ಬರೋಣ. ತ್ರಿಕೋನ ಇಷ್ಟವಾಗಲಿಲ್ಲ ಅಂದರೆ ಪುಟದ ಅಂದ ನೋಡಿಕೊಳ್ಳುವ ಸಿಎಸ್‌ಎಸ್‌ನಲ್ಲಿ ಸಮ್ಮರಿಯ ಲಿಸ್ಟ್ ಸ್ಟೈಲ್ ಅನ್ನು none ಮಾಡಿದರೆ ಹೋಗುತ್ತದೆ. ಹಳೆಯ ಸಫಾರಿಗೆ ಆ ತ್ರಿಕೋನಕ್ಕೆ ಅದರದೇ ಹೆಸರಾದ ವೆಬ್‌ಕಿಟ್ ಮಾರ್ಕರ್ (::-webkit-details-marker) ಅನ್ನೂ ಬೇರೆಯಾಗಿ ಅಡಗಿಸಬೇಕು. ಎಷ್ಟೋ ಸಲ ಸಮ್ಮರಿಗೆ ಡಿಸ್‌ಪ್ಲೇ ಫ್ಲೆಕ್ಸ್ ಹಾಕಿದ ಕೂಡಲೇ ತ್ರಿಕೋನ ಮಾಯವಾಗಿ ಜನ ಗಾಬರಿಯಾಗುತ್ತಾರೆ. ಆ ತ್ರಿಕೋನ ಪಟ್ಟಿಯ ಚುಕ್ಕಿಯ ಜಾತಿಯದು, ಡಿಸ್‌ಪ್ಲೇ ಬದಲಾದರೆ ಅದು ನಿಲ್ಲುವುದಿಲ್ಲ. ಅದನ್ನು ತೆಗೆದರೆ ಅದರ ಜಾಗಕ್ಕೆ ಬಾಣವನ್ನೋ ಕೂಡುವ ಗುರುತನ್ನೋ ಖಂಡಿತ ಹಾಕಿ. ಯಾವ ಗುರುತೂ ಇಲ್ಲದ ದಪ್ಪಕ್ಷರದ ಸಾಲನ್ನು ಯಾರೂ ಸುಮ್ನೆ ಮುಟ್ಟಿ ನೋಡುವುದಿಲ್ಲ, ಅಲ್ವಾ? ಮುಟ್ಟುವ ಜಾಗವೂ ದೊಡ್ಡದಿರಲಿ. ವೆಬ್ ಪುಟ ಎಲ್ಲರಿಗೂ ಬಳಸಲು ಬರುವಂತಿರಬೇಕು ಅನ್ನುವ ಮಾರ್ಗಸೂಚಿ, 2023ರ ಡಬ್ಲ್ಯುಸಿಎಜಿ 2.2, ಕನಿಷ್ಠ 24 ಪಿಕ್ಸೆಲ್ ಅನ್ನುತ್ತದೆ. ನಾನು 44ಕ್ಕಿಂತ ಕಡಿಮೆ ಕೊಡುವುದಿಲ್ಲ. ಆ ಹಿರಿಯರ ಬೆರಳು ನಡುಗುತ್ತಿದ್ದುದು ಇನ್ನೂ ನೆನಪಿದೆ.

ನಿಧಾನವಾಗಿ ಜಾರಿ ತೆರೆಯುವ ಆ್ಯನಿಮೇಶನ್ ಬೇಕು ಅಂತ ಹೆಚ್ಚಿನ ಕ್ಲೈಂಟ್‌ಗಳು ಕೇಳುತ್ತಾರೆ. ಅದಕ್ಕಾಗಿ ಮ್ಯಾಕ್ಸ್ ಹೈಟ್ (ಗರಿಷ್ಠ ಎತ್ತರ) ಅನ್ನು ಸೊನ್ನೆಯಿಂದ ಐನೂರು ಪಿಕ್ಸೆಲ್‌ಗೆ ಒಯ್ಯಬೇಡಿ. ಓದುಗರು ಅಕ್ಷರ ದೊಡ್ಡದು ಮಾಡಿಕೊಂಡ ಕೂಡಲೇ ಉತ್ತರದ ಕೊನೆಯ ಸಾಲುಗಳು ಕತ್ತರಿಸಿ ಹೋಗುತ್ತವೆ. 2024ರಿಂದ ಕ್ರೋಮ್‌ನಲ್ಲಿ ಸಿಎಸ್‌ಎಸ್‌ನಿಂದಲೇ ಆಟೋ ಎತ್ತರದವರೆಗೆ ಜಾರಿಸುವ ದಾರಿ ಬಂದಿದೆ. ಅದು ಇಲ್ಲದ ಬ್ರೌಸರಿನಲ್ಲಿ ತಟ್ಟನೆ ತೆರೆಯುತ್ತದೆ, ನಷ್ಟವೇನಿಲ್ಲ. ಚಲನೆ ಕಡಿಮೆ ಇರಲಿ ಅಂತ ಫೋನಿನಲ್ಲಿ ಆರಿಸಿಕೊಂಡವರಿಗೆ ಅದನ್ನು ಪೂರ್ತಿ ನಿಲ್ಲಿಸಿ. ಕೆಲವರಿಗೆ ಅದರಿಂದ ನಿಜವಾಗಿಯೂ ತಲೆ ಸುತ್ತುತ್ತದೆ.

ಒಂದು ತೆರೆದರೆ ಇನ್ನೊಂದು ತಾನಾಗೇ ಮುಚ್ಚಬೇಕು ಅನ್ನುವ ಬೇಡಿಕೆಯೂ ಬರುತ್ತದೆ. ಈಗ ಅದಕ್ಕೂ ಸ್ಕ್ರಿಪ್ಟ್ ಬೇಡ. ಎಲ್ಲ ಡೀಟೇಲ್ಸ್ ಟ್ಯಾಗ್‌ಗಳಿಗೂ ಒಂದೇ ನೇಮ್ ಕೊಟ್ಟರೆ ಸಾಕು. 2023ರ ಕೊನೆಗೆ ಕ್ರೋಮ್, ಸಫಾರಿಗಳಿಗೆ ಬಂತು, 2024ರಲ್ಲಿ ಫೈರ್‌ಫಾಕ್ಸ್‌ಗೂ ಬಂತು. ಆದರೆ ನನ್ನನ್ನು ಕೇಳಿದರೆ, ಬೇಡ. ಎರಡನೇ ಉತ್ತರ ಉದ್ದ ಇದೆ ಅಂದುಕೊಳ್ಳಿ. ಅದನ್ನು ಓದಿ ಮುಗಿಸಿ ಮೂರನೆಯದನ್ನು ಮುಟ್ಟುತ್ತೀರಿ. ಮೇಲಿನದು ಮುಚ್ಚಿಕೊಂಡು ಪುಟ ಕುಗ್ಗುತ್ತದೆ. ನೀವು ಮುಟ್ಟಿದ ಸಾಲು ಪರದೆಯಿಂದಲೇ ಆಚೆ ಹೋಗಿರಬಹುದು. ಎಲ್ಲಿದ್ದೆ ಅಂತ ಮತ್ತೆ ಹುಡುಕಬೇಕು. ಎರಡು ಉತ್ತರ ಪಕ್ಕಪಕ್ಕ ಇಟ್ಟು ಹೋಲಿಸಬೇಕಾದವರಿಗಂತೂ ದಾರಿಯೇ ಇಲ್ಲ. ಅವರು ತೆರೆದದ್ದನ್ನು ಮುಚ್ಚುವ ಹಕ್ಕು ಅವರಿಗೇ ಇರಲಿ.

ಮುಚ್ಚಿಟ್ಟ ಮಾತು ಹುಡುಕಾಟಕ್ಕೆ ಸಿಗುತ್ತದಾ? ಗೂಗಲ್ ಇಂಥ ಪಠ್ಯವನ್ನೂ ಓದಿಕೊಳ್ಳುತ್ತದೆ, ಆ ಚಿಂತೆ ಬೇಡ. ಪುಟದ ಒಳಗೇ ಒಂದು ಪದ ಹುಡುಕಿದರೆ ಕ್ರೋಮ್ 2022ರಿಂದ ಮುಚ್ಚಿದ ಡೀಟೇಲ್ಸ್ ಅನ್ನು ತಾನೇ ತೆರೆದು ತೋರಿಸುತ್ತದೆ. ಬಹಳ ಒಳ್ಳೆಯ ಅನುಕೂಲ. ಆದರೆ ಎಲ್ಲರ ಬ್ರೌಸರಿನಲ್ಲೂ ಹೀಗೇ ಆಗುತ್ತದೆ ಅಂತ ಲೆಕ್ಕ ಹಾಕಬೇಡಿ. ಸಿಎಸ್‌ಎಸ್‌ನಲ್ಲಿ ಡಿಸ್‌ಪ್ಲೇಗೆ none ಹಾಕಿ ಅಡಗಿಸಿದ ಪಠ್ಯ ಮಾತ್ರ ಪುಟದ ಹುಡುಕಾಟಕ್ಕೆ ಎಲ್ಲೂ ಸಿಗುವುದಿಲ್ಲ.

ಪ್ರಿಂಟ್ ಬಗ್ಗೆ ಯಾರೂ ಯೋಚಿಸುವುದಿಲ್ಲ. ಮುಚ್ಚಿದ ಭಾಗ ಕಾಗದದ ಮೇಲೂ ಮುಚ್ಚಿಯೇ ಬರುತ್ತದೆ. ಪ್ರಶ್ನೆಗಳಷ್ಟೇ ಇರುವ ಎರಡು ಹಾಳೆಯನ್ನು ಒಬ್ಬರು ಕೈಯಲ್ಲಿ ಹಿಡಿದು ನಿಂತದ್ದನ್ನು ನಾನೇ ನೋಡಿದ್ದೇನೆ. ಇದಕ್ಕೆ ನಾಲ್ಕು ಸಾಲಿನ ಸ್ಕ್ರಿಪ್ಟ್ ಸಾಕು. ಪ್ರಿಂಟ್ ಶುರುವಾಗುವ ಮೊದಲು ಬಿಫೋರ್‌ಪ್ರಿಂಟ್ ಅನ್ನುವ ಈವೆಂಟ್, ಅಂದರೆ ಬ್ರೌಸರ್ ಸ್ಕ್ರಿಪ್ಟಿಗೆ ಕೊಡುವ ಸೂಚನೆ, ಬರುತ್ತದೆ. ಆಗ ಮುಚ್ಚಿರುವುದನ್ನೆಲ್ಲ ತೆರೆಯಿರಿ. ಆಫ್ಟರ್‌ಪ್ರಿಂಟ್ ಬಂದಾಗ ಅವನ್ನಷ್ಟೇ ಮತ್ತೆ ಮುಚ್ಚಿ. ಈ ಸ್ಕ್ರಿಪ್ಟ್ ಬರುವುದು ತಡವಾದರೂ ಓದುವುದಕ್ಕೆ ಅಡ್ಡಿಯಾಗುವುದಿಲ್ಲ.

ಇನ್ನು ಸಮ್ಮರಿಯಲ್ಲಿ ಏನು ಬರೆಯಬೇಕು? ಕೋಡ್‌ಗಿಂತ ಜಾಸ್ತಿ ಹೊತ್ತು ನಾನು ಇದಕ್ಕೆ ಕೂರುತ್ತೇನೆ. ಮುಚ್ಚಿದಾಗ ಓದುಗರ ಕೈಯಲ್ಲಿರುವುದು ಆ ಒಂದೇ ಸಾಲು. "ಹೆಚ್ಚಿನ ಮಾಹಿತಿ" ಅಂತ ಬರೆದರೆ ಅವರು ತೆರೆದು ನೋಡಿಯೇ ತಿಳಿಯಬೇಕು. ಅಂಥವು ಎಂಟು ಇದ್ದರೆ ಎಂಟನ್ನೂ ತೆರೆಯಬೇಕು. "ಪಾಸ್‌ವರ್ಡ್ ಸಮಸ್ಯೆಗಳು" ಪರವಾಗಿಲ್ಲ. "ಪಾಸ್‌ವರ್ಡ್ ಮರೆತಿದ್ದೇನೆ, ಇಮೇಲ್ ಕೂಡ ಬದಲಾಗಿದೆ" ಅಂತ ಬರೆದರೆ ಆ ಕಷ್ಟದಲ್ಲಿರುವವರು ನೇರ ಅದಕ್ಕೇ ಕೈ ಹಾಕುತ್ತಾರೆ, ಉಳಿದವರು ಮುಟ್ಟದೆ ಮುಂದೆ ಹೋಗುತ್ತಾರೆ. ಮುಟ್ಟದೆ ಹೋಗಲು ಧೈರ್ಯ ಕೊಡುವುದೂ ಒಳ್ಳೆಯ ಸಾಲಿನ ಕೆಲಸವೇ. ಸಮ್ಮರಿಯ ಒಳಗೆ ಲಿಂಕ್ ಇಡಬೇಡಿ, ತೆರೆಯಲು ಹೋದವರು ಬೇರೆ ಪುಟಕ್ಕೆ ಹಾರಿಬಿಡುತ್ತಾರೆ. ಪುಟದ ಮುಖ್ಯ ಹೆಡ್ಡಿಂಗ್‌ಗಳು ಡೀಟೇಲ್ಸ್‌ನ ಹೊರಗಿರಲಿ. ಸಮ್ಮರಿಯೊಳಗೆ ಹಾಕಿದರೆ ನಿಯಮದ ಪ್ರಕಾರ ತಪ್ಪಿಲ್ಲ, ಆದರೆ ಕೆಲವು ಸ್ಕ್ರೀನ್ ರೀಡರ್‌ಗಳಲ್ಲಿ ಅದು ಹೆಡ್ಡಿಂಗ್ ಅಂತ ಕೇಳಿಸುವುದಿಲ್ಲ.

ಏನನ್ನು ಮಡಚಬಾರದು ಅನ್ನುವುದು ಕೊನೆಗೆ ನಿಮ್ಮ ತೀರ್ಮಾನ. ಎಲ್ಲರೂ ಓದಲೇಬೇಕಾದದ್ದನ್ನು ಮಡಚಬೇಡಿ. ಕೊನೆಯ ದಿನಾಂಕ, ಶುಲ್ಕ, ಎಚ್ಚರಿಕೆ, ಇವು ಕಣ್ಣೆದುರೇ ಇರಬೇಕು. ಫಾರ್ಮ್‌ನ ಕಡ್ಡಾಯ ಖಾನೆಯನ್ನು ಮುಚ್ಚಿದ ಭಾಗದಲ್ಲಿ ಇಟ್ಟರೆ, ಸಲ್ಲಿಸಿ ಬಟನ್ ಒತ್ತಿದವರಿಗೆ ತಪ್ಪು ಎಲ್ಲಿದೆ ಅಂತಲೇ ಕಾಣದೆ ಹೋಗಬಹುದು. ಎರಡು ಸಾಲಿನ ಉತ್ತರವನ್ನೂ ಮಡಚಬೇಡಿ, ಅದನ್ನು ಓದುವುದು ಮುಟ್ಟುವುದಕ್ಕಿಂತ ಸುಲಭ. ಪುಟ ಉದ್ದವಾಯಿತು ಅಂತ ಹೆದರಿ ಎಲ್ಲವನ್ನೂ ಮಡಚುವವರಿಗೆ ನಾನು ಹೇಳುವುದು ಒಂದೇ ಮಾತು: ಬೆರಳಿನಿಂದ ಮೇಲೆ ಸರಿಸುವುದು ಯಾರಿಗೂ ಕಷ್ಟವಲ್ಲ. ಏನಿದೆಯೋ ಅಂತ ಊಹಿಸುವುದು ಕಷ್ಟ.

ಆ ಸಹಾಯ ಪುಟದಿಂದ ಪ್ಲಗಿನ್, ಜೆಕ್ವೆರಿ, ಐಕಾನ್ ಫಾಂಟ್ ಮೂರನ್ನೂ ತೆಗೆದೆವು. 26 ಪ್ರಶ್ನೆಗಳಲ್ಲಿ ಒಂದೇ ಅರ್ಥ ಬರುವವನ್ನು ಕೂಡಿಸಿ 17 ಮಾಡಿದೆವು. ಅದರಲ್ಲಿ 12ನ್ನು ಡೀಟೇಲ್ಸ್ ಒಳಗೆ ಹಾಕಿದೆವು, ಐದನ್ನು ಹಾಗೇ ಬಿಟ್ಟೆವು. ಆ ಹಿರಿಯರು ಮೂರು ಸಲ ಮುಟ್ಟಿ ಸೋತಿದ್ದ ಪ್ರಶ್ನೆ ಈ ಐದರಲ್ಲಿ ಮೊದಲನೆಯದು. ಅರ್ಜಿ ಹಾಕುವ ಪ್ರತಿಯೊಬ್ಬರಿಗೂ ಬೇಕಾದ ದಾಖಲೆಗಳ ಪಟ್ಟಿ ಅದು. ಈಗ ಪುಟದ ಮೇಲ್ಗಡೆಯೇ ಇದೆ, ಏನನ್ನೂ ಮುಟ್ಟಬೇಕಾಗಿಲ್ಲ.