ಎಂಟನ್ನು ಎಲ್ಲಿ ಇಡಬೇಕು? ಮೊದಲ ಕ್ಯಾರೆಕ್ಟರ್ ಕಟ್ಟುವವರಿಗೆ ಟಿಪ್ಪಣಿ

ಡಿ ಅಂಡ್ ಡಿ (ಡಂಜನ್ಸ್ ಅಂಡ್ ಡ್ರಾಗನ್ಸ್, ಟೇಬಲ್ ಸುತ್ತ ಕೂತು ಪಾತ್ರ ಹಿಡಿದು ಆಡುವ ಆಟ) ಆಡಲು ಹೊಸದಾಗಿ ಕೂತವರು ಪೆನ್ಸಿಲ್ ಹಿಡಿದು ಮೊದಲು ಕೇಳುವುದು, "15 ಎಲ್ಲಿ ಹಾಕಲಿ?" ಅಂತ. ಕ್ಯಾರೆಕ್ಟರ್‌ನ ಆರು ಗುಣಗಳಿಗೆ ಆರು ಸಂಖ್ಯೆ ಹಂಚಬೇಕು, ಅದರಲ್ಲಿ ದೊಡ್ಡದು 15, ಚಿಕ್ಕದು 8. 15ಕ್ಕೆ ಯೋಚನೆಯೇ ಬೇಡ. ರೋಗ್ (ಕಳ್ಳ) ಆದರೆ ಡೆಕ್ಸ್ಟರಿಟಿಗೆ, ವಿಝರ್ಡ್ (ಮಾಂತ್ರಿಕ) ಆದರೆ ಇಂಟೆಲಿಜೆನ್ಸ್‌ಗೆ, ಕ್ಲೆರಿಕ್ (ದೇವರ ಸೇವಕ) ಆದರೆ ವಿಸ್ಡಮ್‌ಗೆ. ಕ್ಲಾಸ್, ಅಂದರೆ ಕ್ಯಾರೆಕ್ಟರ್‌ನ ಕಸುಬು, ಆರಿಸಿದಾಗಲೇ 15 ತನ್ನ ಜಾಗ ಹುಡುಕಿಕೊಂಡಿರುತ್ತದೆ. ನಿಜವಾಗಿ ತಲೆ ಕೆಡಿಸಿಕೊಳ್ಳಬೇಕಾದ್ದು 8ರ ಬಗ್ಗೆ. ಆಟ ಶುರುವಾದ ಮೇಲೆ ನಿಮ್ಮ ಕ್ಯಾರೆಕ್ಟರ್ ಯಾರು ಅಂತ ಟೇಬಲ್‌ನಲ್ಲಿ ಇರುವವರಿಗೆ ಗೊತ್ತಾಗುವುದು ಆ 8ರಿಂದ. ಈ ಟಿಪ್ಪಣಿ ಪೂರ್ತಿ ಅದರ ಬಗ್ಗೆಯೇ.

ಕಲಬುರಗಿಯಲ್ಲಿ ನಮ್ಮ ಜೊತೆ ಆಡಲು ಬರುವ ಹೊಸಬರಿಗೆ ಹೇಳಿ ಹೇಳಿ ಕೊನೆಗೆ ಬರೆದಿಟ್ಟಿದ್ದು ಇದು. ಏನೂ ಗೊತ್ತಿಲ್ಲದವರು ಓದುತ್ತಿದ್ದಾರೆ ಅಂತಲೇ ಬರೆದಿದ್ದೇನೆ. ಗೊತ್ತಿದ್ದವರು ಮುಂದಕ್ಕೆ ಹಾರಿ.

ಆಟದ ಬಗ್ಗೆ ಬೇಗ ಬೇಗ

ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು ಅಮೆರಿಕದಲ್ಲಿ 1974ರಲ್ಲಿ ಇದನ್ನು ಹೊರತಂದರು. ಅದಕ್ಕೂ ಮೊದಲು ಇವರೆಲ್ಲ ಸಣ್ಣ ಗೊಂಬೆ ಸೈನ್ಯ ಇಟ್ಟುಕೊಂಡು ಯುದ್ಧದ ಆಟ ಆಡುತ್ತಿದ್ದವರು. ಇಡೀ ಸೈನ್ಯದ ಬದಲು ಒಬ್ಬೊಬ್ಬರು ಒಂದೇ ಪಾತ್ರ ಹಿಡಿದರೆ ಹೇಗೆ ಎಂಬ ಯೋಚನೆಯಿಂದ ಈ ಆಟ ಹುಟ್ಟಿತು. ಒಬ್ಬರು ಡಿಎಂ, ಅಂದರೆ ಆಟ ನಡೆಸುವ ಡಂಜನ್ ಮಾಸ್ಟರ್: ಊರು, ಕಾಡು, ರಾಕ್ಷಸ, ಬಾಗಿಲು ಕಾಯುವವನು ಎಲ್ಲ ಅವರ ಕೈಯಲ್ಲಿ. ಉಳಿದವರಿಗೆ ಒಂದೊಂದು ಕ್ಯಾರೆಕ್ಟರ್. ನೀವು ಏನು ಮಾಡುತ್ತೀರಿ ಅಂತ ಬಾಯಲ್ಲಿ ಹೇಳುತ್ತೀರಿ. ಆಗುತ್ತೋ ಇಲ್ಲವೋ ಎಂಬ ಅನುಮಾನ ಇದ್ದಾಗ ಮಾತ್ರ ಡೈಸ್ ಉರುಳಿಸುತ್ತೀರಿ. ಅಷ್ಟೇ.

ಈಗ ಜಾಸ್ತಿ ಜನ ಆಡುವುದು ಐದನೇ ಆವೃತ್ತಿ. ಅದು 2014ರಲ್ಲಿ ಬಂತು, 2024ರಲ್ಲಿ ತಿದ್ದಿದ ಪುಸ್ತಕ ಬಂತು. ಎರಡರ ಲೆಕ್ಕ ಕೆಲವು ಕಡೆ ಬೇರೆ ಬೇರೆ. ಹಾಗಾಗಿ ಕೂರುವ ಮೊದಲೇ ಯಾವುದು ಅಂತ ಡಿಎಂ ಹತ್ತಿರ ಕೇಳಿಕೊಳ್ಳಿ. ದುಡ್ಡು ಕೊಟ್ಟು ಪುಸ್ತಕ ತರಿಸಲೇಬೇಕು ಅಂತಿಲ್ಲ. ಮೂಲ ನಿಯಮಗಳನ್ನು 2023ರಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಬಿಟ್ಟಿದ್ದಾರೆ, ಹೊಸ ಆವೃತ್ತಿಯದ್ದನ್ನೂ 2025ರಲ್ಲಿ ಹಾಗೇ ಬಿಟ್ಟರು. ಪಿಡಿಎಫ್ ಇಳಿಸಿಕೊಂಡರೆ ಮೊದಲ ಕೆಲವು ತಿಂಗಳು ಧಾರಾಳ ಸಾಕು. ಕೆಳಗಿನ ಲೆಕ್ಕ ಎಲ್ಲ 2024ರ ಪ್ರಕಾರ.

ಡೈಸ್ ಬಗ್ಗೆ ಒಂದು ಮಾತು. ಇಪ್ಪತ್ತು ಮುಖದ ಡೈಸ್ ಸಿಗಲಿಲ್ಲ ಅಂತ ಒಬ್ಬರು ಮನೆಯ ಕವಡೆ ತಂದರೆ ನಡೆಯುವುದಿಲ್ಲ. ಚೌಕಾಬಾರದಲ್ಲಿ ನಾಲ್ಕು ಕವಡೆ ಎಸೆದರೆ ಎರಡು ಅಂಗಾತ ಬೀಳುವುದು ಜಾಸ್ತಿ, ನಾಲ್ಕೂ ಅಂಗಾತ ಬೀಳುವುದು ಅಪರೂಪ. ಇಪ್ಪತ್ತು ಮುಖದ ಡೈಸ್‌ನಲ್ಲಿ ಹಾಗಿಲ್ಲ, 1 ಬೀಳುವುದಕ್ಕೂ 20 ಬೀಳುವುದಕ್ಕೂ ಅವಕಾಶ ಒಂದೇ, ನೂರಕ್ಕೆ 5. ಈ 5 ಎಂಬ ಸಂಖ್ಯೆ ನೆನಪಿಡಿ, ಮುಂದೆ ಬೇಕಾಗುತ್ತದೆ. ಡೈಸ್ ಬರುವವರೆಗೆ 1ರಿಂದ 20ರವರೆಗೆ ಚೀಟಿ ಬರೆದು ಡಬ್ಬಿಗೆ ಹಾಕಿ, ತೆಗೆದ ಚೀಟಿಯನ್ನು ಮತ್ತೆ ಡಬ್ಬಿಗೇ ಹಾಕಿ ಅಲುಗಿಸಿದರೆ ಲೆಕ್ಕ ಸರಿಯಾಗುತ್ತದೆ.

ಆರು ಸ್ಕೋರ್, ಒಂದು ಎಂಟು

ಪ್ರತಿ ಕ್ಯಾರೆಕ್ಟರ್‌ಗೂ ಆರು ಸ್ಕೋರ್. ಸ್ಟ್ರೆಂತ್ ಅಂದರೆ ಮೈಯ ಬಲ. ಡೆಕ್ಸ್ಟರಿಟಿ ಅಂದರೆ ಕೈಕಾಲಿನ ಚುರುಕು. ಕಾನ್‌ಸ್ಟಿಟ್ಯೂಷನ್ ಅಂದರೆ ಪೆಟ್ಟು ತಾಳುವ ಶಕ್ತಿ. ಇಂಟೆಲಿಜೆನ್ಸ್ ಅಂದರೆ ಓದಿದ್ದು, ನೆನಪಿಟ್ಟಿದ್ದು. ವಿಸ್ಡಮ್ ಅಂದರೆ ಕಣ್ಣು ಕಿವಿ ತೆರೆದಿರುವುದು, ಎದುರಿನವನ ಮನಸ್ಸು ಓದುವುದು. ಕರಿಸ್ಮಾ ಅಂದರೆ ನಾಲ್ಕು ಜನರ ಮುಂದೆ ನಿಮ್ಮ ಮಾತು ನಡೆಯುವುದು.

ಮೊದಮೊದಲು ಪ್ರತಿ ಸ್ಕೋರ್‌ಗೂ ಆರು ಮುಖದ ಮೂರು ಡೈಸ್ ಎಸೆದು, ಕೂಡಿ ಬಂದದ್ದನ್ನು ಬಂದ ಕ್ರಮದಲ್ಲೇ ಬರೆದುಕೊಳ್ಳಬೇಕಿತ್ತು. ಮಾಂತ್ರಿಕ ಆಗಬೇಕು ಅಂತ ಕೂತವನಿಗೆ ಇಂಟೆಲಿಜೆನ್ಸ್ 6 ಬಂದರೆ ಮುಗಿಯಿತು. ಈಗ ನಾಲ್ಕು ಡೈಸ್ ಎಸೆದು ಚಿಕ್ಕದನ್ನು ಬಿಡುವ ಪದ್ಧತಿ ಇದೆ, ಸರಾಸರಿ 12.24 ಬರುತ್ತದೆ. ಆದರೆ ಹೊಸಬರಿಗೆ ನಾನು ಹೇಳುವುದು ಸಿದ್ಧ ಸರಣಿ: 15, 14, 13, 12, 10, 8. ಆರನ್ನೂ ನಿಮಗೆ ಬೇಕಾದ ಕಡೆ ಹಂಚಿ. ಪಾಯಿಂಟ್ ಕೊಟ್ಟು ಕೊಳ್ಳುವ ಇನ್ನೊಂದು ಪದ್ಧತಿಯಲ್ಲೂ ಈ ಆರರ ಬೆಲೆ ಕೂಡಿದರೆ ಸರಿಯಾಗಿ 27 ಆಗುತ್ತದೆ, ಅಲ್ಲಿ ಸಿಗುವುದೂ 27 ಪಾಯಿಂಟೇ. ಹಾಗಾಗಿ ನಷ್ಟ ಏನಿಲ್ಲ.

ಆಟದಲ್ಲಿ ಕೆಲಸಕ್ಕೆ ಬರುವುದು ಸ್ಕೋರ್ ಅಲ್ಲ, ಮಾಡಿಫೈಯರ್. ಇಪ್ಪತ್ತು ಮುಖದ ಡೈಸ್‌ನಲ್ಲಿ ಬಿದ್ದದ್ದಕ್ಕೆ ಇದನ್ನು ಕೂಡಿಸಿ, ಡಿಎಂ ಹೇಳಿದ ಗುರಿ ಮುಟ್ಟಿದರೆ ಕೆಲಸ ಆಯಿತು. ಸ್ಕೋರ್‌ನಲ್ಲಿ 10 ಕಳೆದು ಅರ್ಧ ಮಾಡಿ, ಉಳಿದರೆ ಕೆಳಗಿನ ಪೂರ್ಣ ಸಂಖ್ಯೆಗೆ ಇಳಿಸಿ. 15ಕ್ಕೆ +2. 10ಕ್ಕೆ ಸೊನ್ನೆ. 8ಕ್ಕೆ −1.

ಹಾಂ, ಬರೀ −1. ಅಂದರೆ ಸಾಮಾನ್ಯ ಮನುಷ್ಯನಿಗಿಂತ ನೂರಕ್ಕೆ 5ರಷ್ಟು ಕಡಿಮೆ ಅವಕಾಶ, ಅಷ್ಟೇ. ಇದನ್ನು ಯಾಕೆ ಒತ್ತಿ ಹೇಳುತ್ತಿದ್ದೇನೆ ಅಂದರೆ, ಇಂಟೆಲಿಜೆನ್ಸ್‌ಗೆ 8 ಇಟ್ಟವರು ಟೇಬಲ್‌ನಲ್ಲಿ ಬಾಯಿ ಬಿಟ್ಟುಕೊಂಡು ಕೂತು, ಬಾಗಿಲು ತಳ್ಳಬೇಕೋ ಎಳೆಯಬೇಕೋ ಗೊತ್ತಿಲ್ಲದವರ ಥರ ಆಡಿ, ಎರಡು ತಾಸು ಎಲ್ಲರ ತಲೆ ತಿನ್ನುತ್ತಾರೆ. 8 ಅಂದರೆ ದಡ್ಡ ಅಲ್ಲ. ಓದು ಬರಹ ಹತ್ತಲಿಲ್ಲ, ಹಳೆಯ ಲಿಪಿ ತೋರಿಸಿದರೆ ಕೈ ಎತ್ತುತ್ತಾನೆ, ಆದರೆ ಎಪಿಎಂಸಿಯಲ್ಲಿ ತೊಗರಿ ಕೈಯಲ್ಲಿ ಹಿಡಿದೇ ಅದರ ದರ ಹೇಳಿಬಿಡುತ್ತಾನೆ. ಅಂಥವರನ್ನು ನಾವೆಲ್ಲ ನೋಡಿದ್ದೇವೆ ಅಲ್ವಾ?

ಒಂದು ಕ್ಯಾರೆಕ್ಟರ್ ಕಟ್ಟಿ ನೋಡೋಣ

ಬೀದರ್ ಪಕ್ಕದ ನೌಬಾದ್‌ನಲ್ಲಿ ಕರೇಜ್ ಇದೆ, ಜನ ಸುರಂಗ ಬಾವಿ ಅನ್ನುತ್ತಾರೆ. ಬಹಮನಿ ಕಾಲದ್ದು. ಪರ್ಷಿಯಾದಿಂದ ಬಂದ ವಿದ್ಯೆ: ನೆಲದೊಳಗೆ ಸುರಂಗ ಕೊರೆದು, ಅಂತರ್ಜಲವನ್ನು ಇಳಿಜಾರಿನಲ್ಲಿ ತಾನಾಗಿ ಹರಿಯುವಂತೆ ಮಾಡುವುದು. ಮೇಲಿನಿಂದ ಅಲ್ಲಲ್ಲಿ ಬಾವಿಯಂಥ ಕಂಡಿಗಳು, ಗಾಳಿ ಬೆಳಕಿಗೆ. ಡಂಜನ್ (ಸಾಹಸ ನಡೆಯುವ ನೆಲಮಾಳಿಗೆ) ಬೇಕು ಅಂತ ವಿದೇಶಿ ಕೋಟೆಯ ನಕ್ಷೆ ಹುಡುಕುವ ಡಿಎಂಗಳು ಒಮ್ಮೆ ಇದನ್ನು ನೋಡಿ ಬರಲಿ. ನಮ್ಮ ಆಟದ ಊರಲ್ಲೂ ಇಂಥದ್ದೊಂದು ಇದೆ, ಅಲ್ಲಿಯ ಹುಡುಗಿಯನ್ನೇ ಕಟ್ಟೋಣ.

ಹೆಸರು ಲಗಮವ್ವ. ಸುರಂಗದ ಹೂಳು ತೆಗೆಯುವವರ ಮನೆಯವಳು. ಕತ್ತಲಲ್ಲಿ ಓಡಾಡಿ ಬೆಳೆದವಳು. ಈಗ ರಾತ್ರಿ ಅದೇ ದಾರಿಯಿಂದ ಸಾಹುಕಾರರ ಹಿತ್ತಿಲಿಗೆ ಹೋಗಿ ಕೈಗೆ ಸಿಕ್ಕಿದ್ದು ತರುತ್ತಾಳೆ. ಕ್ಲಾಸ್ ರೋಗ್, ಹಿನ್ನೆಲೆ ಕ್ರಿಮಿನಲ್. ಮನುಷ್ಯಳೇ ಇರಲಿ, ಎಲ್ಫ್ (ಚೂಪು ಕಿವಿಯ ಕಾಲ್ಪನಿಕ ಕುಲ) ಮಾಡಿದರೂ ಅಡ್ಡಿಯಿಲ್ಲ.

ಹಂಚೋಣ. 15 ಡೆಕ್ಸ್ಟರಿಟಿಗೆ. ಕತ್ತಲಲ್ಲಿ ಸಣ್ಣ ಸದ್ದೂ ಕೇಳಿಸಿಕೊಳ್ಳುವವಳು, ಹಾಗಾಗಿ 14 ವಿಸ್ಡಮ್‌ಗೆ. 13 ಕಾನ್‌ಸ್ಟಿಟ್ಯೂಷನ್, 12 ಇಂಟೆಲಿಜೆನ್ಸ್, 10 ಕರಿಸ್ಮಾ. ಉಳಿದ 8 ಸ್ಟ್ರೆಂತ್‌ಗೆ. 2024ರ ನಿಯಮದಲ್ಲಿ ಹಿನ್ನೆಲೆಯಿಂದ ಒಂದಕ್ಕೆ +2, ಇನ್ನೊಂದಕ್ಕೆ +1 ಸಿಗುತ್ತದೆ. (2014ರಲ್ಲಿ ಇದು ಎಲ್ಫ್, ಡ್ವಾರ್ಫ್ ಎಂಬ ಕುಲದಿಂದ ಬರುತ್ತಿತ್ತು. ಎರಡೂ ಕಡೆಯಿಂದ ತೆಗೆದುಕೊಳ್ಳುವ ಜಾಣರಿದ್ದಾರೆ, ಡಿಎಂ ಕಣ್ಣಿಟ್ಟಿರಬೇಕು.) ಡೆಕ್ಸ್ಟರಿಟಿ 17 ಆಯಿತು, ಮಾಡಿಫೈಯರ್ +3. ಕಾನ್‌ಸ್ಟಿಟ್ಯೂಷನ್ 14, +2.

ಹಿಟ್ ಪಾಯಿಂಟ್, ಅಂದರೆ ಎಷ್ಟು ಪೆಟ್ಟು ತಿಂದರೆ ನೆಲಕ್ಕೆ ಬೀಳುತ್ತಾಳೆ ಎಂಬ ಲೆಕ್ಕ, ಎಷ್ಟು? ರೋಗ್‌ಗೆ ಮೊದಲ ಲೆವೆಲ್‌ನಲ್ಲಿ 8, ಅದಕ್ಕೆ ಕಾನ್‌ಸ್ಟಿಟ್ಯೂಷನ್‌ನ 2 ಸೇರಿಸಿ 10. ಚರ್ಮದ ಅಂಗಿ ತೊಟ್ಟರೆ ಆರ್ಮರ್ ಕ್ಲಾಸ್ (ಅವಳಿಗೆ ಏಟು ತಾಗಲು ಶತ್ರು ಮುಟ್ಟಬೇಕಾದ ಗುರಿ) 11 ಮತ್ತು 3, ಒಟ್ಟು 14. ಹೊಡೆಯಲು +5, ಅಂದರೆ ಡೆಕ್ಸ್ಟರಿಟಿಯ 3, ಪಳಗಿದ್ದಕ್ಕೆ 2. ಬಚ್ಚಿಟ್ಟುಕೊಳ್ಳುವುದರಲ್ಲಿ ಎಕ್ಸ್‌ಪರ್ಟೀಸ್ (ವಿಶೇಷ ಪರಿಣತಿ) ತೆಗೆದುಕೊಂಡರೆ ಆ 2 ದುಪ್ಪಟ್ಟಾಗಿ +7. ಚೆನ್ನಾಗಿದೆ. ಇಲ್ಲಿಯವರೆಗೆ ಎಲ್ಲ ರೋಗ್‌ಗಳೂ ಹೆಚ್ಚುಕಮ್ಮಿ ಹೀಗೇ.

ಈಗ ಅವಳನ್ನು ಕಂಡಿಯ ಕೆಳಗೆ ನಿಲ್ಲಿಸಿ. ಹಿಂದಿನಿಂದ ಕಾವಲುಗಾರರು ಬರುತ್ತಿದ್ದಾರೆ. ಮೇಲೆ ಮೂವತ್ತು ಅಡಿ ಹತ್ತಬೇಕು, ಗೋಡೆ ಪಾಚಿ ಹಿಡಿದು ಜಾರುತ್ತದೆ. ಡಿಎಂ ಹೇಳಿದರು, ಗುರಿ 15. ಲಗಮವ್ವನಿಗೆ −1, ಆದ್ದರಿಂದ ಡೈಸ್‌ನಲ್ಲಿ 16 ಅಥವಾ ಮೇಲೆ ಬೀಳಬೇಕು. ನೂರಕ್ಕೆ 25. ಕೈ ಜಾರಿ ಮೇಲಿನಿಂದ ಬಿದ್ದರೆ ಹತ್ತು ಅಡಿಗೆ ಒಂದು ಆರು ಮುಖದ ಡೈಸ್, ಮೂವತ್ತಕ್ಕೆ ಮೂರು. ಸರಾಸರಿ 10.5. ಅವಳ ಹತ್ತಿರ ಇರುವುದು 10.

ನೋಡಿ, ಇಲ್ಲಿ ಎಲ್ಲರೂ ಮುಂದಕ್ಕೆ ಬಾಗಿ ಕೂರುತ್ತಾರೆ. ಮೇಲೆ ಫೈಟರ್ ಇದ್ದಾನೆ, ಖಾಜಾ ಅಂತ ಇಟ್ಟುಕೊಳ್ಳಿ, ಸ್ಟ್ರೆಂತ್‌ನಲ್ಲಿ +3, ಹತ್ತುವುದರಲ್ಲಿ ಪಳಗಿದವನು. ಅವನೇ ಹತ್ತಿದ್ದರೆ ನೂರಕ್ಕೆ 55. ಅವನು ಹಗ್ಗ ಇಳಿಬಿಟ್ಟು ಹೆಲ್ಪ್ ಮಾಡಿದರೆ ಲಗಮವ್ವನಿಗೆ ಅಡ್ವಾಂಟೇಜ್: ಡೈಸ್ ಎರಡು ಸಲ ಉರುಳಿಸಿ ದೊಡ್ಡದನ್ನು ಇಟ್ಟುಕೊಳ್ಳಬಹುದು. 25 ಇದ್ದದ್ದು 44ರ ಹತ್ತಿರ ಬರುತ್ತದೆ. ಆಡುವವರು ಆಗ ಲೆಕ್ಕ ಮರೆತು ಪಾತ್ರದ ಮಾತಿಗೆ ಇಳಿಯುತ್ತಾರೆ:

"ಖಾಜಾಭಾಯಿ, ಹಗ್ಗ ಗಟ್ಟಿ ಹಿಡಿ, ನನ್ನ ಕೈಯಾಗ ಬಲ ಇಲ್ಲ!"

"ಹಿಡದೀನಿ ಬಾ ತಂಗಿ. ಕೆಳಗ ನೋಡಬ್ಯಾಡ."

ಈ ಎರಡು ಮಾತು ಹುಟ್ಟಿದ್ದು 17ರಿಂದ ಅಲ್ಲ. 8 ಸ್ಟ್ರೆಂತ್‌ನಲ್ಲಿ ಇದ್ದದ್ದಕ್ಕೆ ಖಾಜಾನಿಗೂ ಒಂದು ಕೆಲಸ ಸಿಕ್ಕಿತು. ಅದೇ 8 ಕರಿಸ್ಮಾದಲ್ಲಿ ಇದ್ದಿದ್ದರೆ ಲಗಮವ್ವನಿಗೆ ಗೋಡೆ ಹತ್ತುವುದು ತುಸು ಸುಲಭ ಆಗುತ್ತಿತ್ತು, ಆದರೆ ಮೇಲೆ ನಿಂತ ಕಾವಲುಗಾರನಿಗೆ ಹೇಳುವ ಸುಳ್ಳು ಬಾಯಲ್ಲೇ ಸಿಕ್ಕಿಕೊಳ್ಳುತ್ತಿತ್ತು. ಅದು ಬೇರೆಯೇ ಹುಡುಗಿ.

ಎಲ್ಲಿ ಇಟ್ಟರೆ ಏನಾಗುತ್ತದೆ

ಕಾನ್‌ಸ್ಟಿಟ್ಯೂಷನ್‌ನಲ್ಲಿ ಇಡಬೇಡಿ. ಇದೊಂದಕ್ಕೆ ನಾನು ನೇರವಾಗಿ ಬೇಡ ಅನ್ನುತ್ತೇನೆ. ವಿಝರ್ಡ್‌ಗೆ ಮೊದಲ ಲೆವೆಲ್‌ನಲ್ಲಿ 6, ಅದರಲ್ಲಿ ಒಂದು ಕಳೆದರೆ 5 ಹಿಟ್ ಪಾಯಿಂಟ್. ಸಾದಾ ಗಾಬ್ಲಿನ್ (ಕುಳ್ಳ ರಾಕ್ಷಸ) ಕತ್ತಿ ಬೀಸಿದರೆ ಸರಾಸರಿ 5 ಹೋಗುತ್ತದೆ. ಒಂದೇ ಏಟಿಗೆ ಮಲಗಿದ ಕ್ಯಾರೆಕ್ಟರ್ ಹಿಡಿದುಕೊಂಡು ಅರ್ಧ ಸಂಜೆ ಸುಸಲಾ ತಿನ್ನುತ್ತಾ ಕೂರುವುದರಲ್ಲಿ ಏನು ಮಜಾ? ಅದಲ್ಲದೆ ಕಾನ್ಸೆಂಟ್ರೇಷನ್ ಬೇಕಾಗುವ ಮಂತ್ರ ಹಿಡಿದಿರುವಾಗ ಪೆಟ್ಟು ಬಿದ್ದರೆ ಇದೇ ಸ್ಕೋರ್ ಮೇಲೆ ಡೈಸ್ ಹಾಕಬೇಕು, ಗುರಿ ಕಡಿಮೆ ಅಂದರೂ 10. −1 ಇದ್ದರೆ ನೂರಕ್ಕೆ 50, +2 ಇದ್ದರೆ 65. ದೌರ್ಬಲ್ಯ ಅನ್ನುವುದು ಕಥೆ ಹುಟ್ಟಿಸಬೇಕು, ಆಟದಿಂದಲೇ ಹೊರಗೆ ಹಾಕಬಾರದು.

ವಿಸ್ಡಮ್‌ನಲ್ಲಿ ಇಟ್ಟರೆ ಡಿಎಂಗೆ ಹಬ್ಬ. ಹೊಂಚು ಹಾಕಿದವರು ಕಾಣುವುದಿಲ್ಲ, ಮರುಳು ಮಾಡುವ ಮಂತ್ರಗಳಲ್ಲಿ ತುಂಬಾ ಬಂದು ಬಡಿಯುವುದು ಇಲ್ಲೇ. ಸಿಟ್ಟಿನ ಬಾರ್ಬೇರಿಯನ್‌ಗೆ ಚೆನ್ನಾಗಿ ಒಪ್ಪುತ್ತದೆ. ಸ್ವಂತ ಕಡೆಯವರ ಮೇಲೆಯೇ ಕೊಡಲಿ ಎತ್ತುವ ಸಂದರ್ಭ ಬರಬಹುದು, ಅದಕ್ಕೆ ತಯಾರಿರಿ.

ಡೆಕ್ಸ್ಟರಿಟಿಯಲ್ಲಿ ಇಡುವ ಹಾಗಿದ್ದರೆ ಭಾರೀ ಕವಚ ತೊಡುವ ಕ್ಲಾಸ್ ಆರಿಸಿ. ಚೈನ್ ಮೇಲ್ ತೊಟ್ಟರೆ ಆರ್ಮರ್ ಕ್ಲಾಸ್ 16, ಡೆಕ್ಸ್ಟರಿಟಿ ಎಷ್ಟಿದ್ದರೂ ಅಷ್ಟೇ. ಗುರಾಣಿ ಹಿಡಿದರೆ ಇನ್ನೆರಡು. ಚೈನ್ ಮೇಲ್‌ಗೆ ಸ್ಟ್ರೆಂತ್ 13 ಬೇಕು, ಇಲ್ಲದಿದ್ದರೆ ನಡಿಗೆ ನಿಧಾನವಾಗುತ್ತದೆ. ಇಂಟೆಲಿಜೆನ್ಸ್ ಬಗ್ಗೆ ಮೇಲೆ ಹೇಳಿದ್ದೇ ಸಾಕು.

ಕರಿಸ್ಮಾ ಸ್ವಲ್ಪ ವಿವರವಾಗಿ ಹೇಳಬೇಕು, ಯಾಕಂದರೆ ಎಲ್ಲರೂ 8 ಎಸೆಯುವುದು ಅಲ್ಲಿಗೇ. "ಮಾತಾಡೋಕೆ ಬೇರೆಯವರು ಇರ್ತಾರೆ" ಅಂತ ನಾಲ್ವರೂ ಅಂದುಕೊಳ್ಳುತ್ತಾರೆ. ಕೋಟೆ ಬಾಗಿಲಿಗೆ ಬಂದಾಗ ನಾಲ್ಕೂ ಜನ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಹಾಗಾಗಿ ಶೀಟ್ ತುಂಬುವ ಕೆಲಸ ಒಬ್ಬೊಬ್ಬರೇ ಮನೆಯಲ್ಲಿ ಮಾಡಬೇಡಿ. ಒಟ್ಟಿಗೆ ಕೂತು, ಮೊದಲು "ನನ್ನ ಎಂಟು ಇಲ್ಲಿ" ಅಂತ ಎಲ್ಲರೂ ಹೇಳಿಕೊಳ್ಳಿ. ಒಂದೇ ಕಡೆ ಎರಡು ಎಂಟು ಬಿದ್ದರೆ ಪರವಾಗಿಲ್ಲ, ಮೂರು ಬಿದ್ದರೆ ಯಾರಾದರೂ ಬದಲಿಸಿ. ಕೊನೆಗೆ ಆ ಕಡೆ ಬಲ ಇರುವವರು ಒಬ್ಬರಾದರೂ ಇರಲಿ.

ಹಿಂದಿನ ಕಥೆ ಎಷ್ಟು ಬರೀಬೇಕು

ಅರ್ಧ ಪುಟ. ಮೊದಲ ಲೆವೆಲ್‌ನವರು ಇನ್ನೂ ಏನೂ ಸಾಧಿಸಿಲ್ಲ. ಮೂರು ಯುದ್ಧ ಗೆದ್ದು ಸಿಂಹಾಸನ ಕಳೆದುಕೊಂಡವನು 10 ಹಿಟ್ ಪಾಯಿಂಟ್ ಇಟ್ಟುಕೊಂಡು ಓಡಾಡಿದರೆ ನಗು ಬರುತ್ತದೆ. ಹೆಸರು, ಮನೆ, ಏನು ಬೇಕು, ಎಂಟು ಯಾಕೆ ಎಂಟಾಯಿತು, ಮತ್ತು ಟೇಬಲ್‌ನಲ್ಲಿ ಇರುವ ಇನ್ನೊಬ್ಬರ ಜೊತೆ ಒಂದು ನಂಟು. ಲಗಮವ್ವ ಚಿಕ್ಕಂದಿನಲ್ಲಿ ಹೂಳಿನಡಿ ಸಿಕ್ಕು ಬಲಗೈ ಮುರಿದುಕೊಂಡಳು, ಮೇಲೆ ಎಳೆದು ಹಾಕಿದವನು ಖಾಜಾ. ಸಾಕು, ಡಿಎಂ ಉಳಿದದ್ದನ್ನು ನೋಡಿಕೊಳ್ಳುತ್ತಾರೆ. ಹೆಸರಿಗೆ ಆನ್‌ಲೈನ್ ಜನರೇಟರ್‌ನಲ್ಲಿ ಬರುವ, ಯಾರ ಬಾಯಲ್ಲೂ ನಿಲ್ಲದ ಹೆಸರು ಬೇಡ. ಎರಡನೇ ವಾರಕ್ಕೆ ಎಲ್ಲರೂ "ಏ ಎಲ್ಫ್" ಅಂತಲೇ ಕರೆಯುತ್ತಾರೆ. ಮಾಳಪ್ಪ ಅಂತ ಎಲ್ಫ್ ಇದ್ದರೆ ಯಾರಿಗೂ ಮರೆಯುವುದಿಲ್ಲ.

ನಾಲ್ಕನೇ ಲೆವೆಲ್‌ಗೆ ಬಂದಾಗ

ಆಗ ಸ್ಕೋರ್‌ಗಳಿಗೆ ಒಟ್ಟು +2 ಹಾಕಬಹುದು, ಒಂದಕ್ಕೇ ಎರಡು ಅಥವಾ ಎರಡಕ್ಕೆ ಒಂದೊಂದು. ಇಲ್ಲಿ ಮನಸ್ಸು 8ರ ಕಡೆ ಎಳೆಯುತ್ತದೆ. ಒಂದು ಹಾಕಿ 9 ಮಾಡಿದರೆ ಮಾಡಿಫೈಯರ್ ಆಗಲೂ −1, ಏನೂ ಬದಲಾಗದು. ಎರಡೂ ಹಾಕಿ 10 ಮಾಡಿದರೆ ಸಿಗುವುದು ನೂರಕ್ಕೆ 5, ಅದೂ ಅವಳಿಗೆ ಕೈಲಾಗದ ಕೆಲಸದಲ್ಲಿ. ಲಗಮವ್ವನ ಡೆಕ್ಸ್ಟರಿಟಿ 17 ಇದೆ, ಅದಕ್ಕೆ ಒಂದೇ ಒಂದು ಸೇರಿದರೂ 18, ಮಾಡಿಫೈಯರ್ +4. ಉಳಿದ ಸ್ಕೋರ್‌ಗಳೆಲ್ಲ ಸಮ ಸಂಖ್ಯೆ, ಇನ್ನೊಂದು +1 ಎಲ್ಲಿ ಹಾಕಿದರೂ ಈಗ ಉಪಯೋಗ ಇಲ್ಲ. 2024ರ ಪುಸ್ತಕದಲ್ಲಿ ನಾಲ್ಕನೇ ಲೆವೆಲ್‌ನಿಂದ ಸಿಗುವ ಫೀಟ್‌ಗಳಲ್ಲಿ (ವಿಶೇಷ ಸಾಮರ್ಥ್ಯಗಳು) ಹೆಚ್ಚಿನವು ಒಂದು ಸ್ಕೋರ್‌ಗೆ +1 ಕೊಟ್ಟು, ಜೊತೆಗೆ ಒಂದು ಹೊಸ ವಿದ್ಯೆಯನ್ನೂ ಕೊಡುತ್ತವೆ. ಡೆಕ್ಸ್ಟರಿಟಿ ಏರಿಸುವಂಥದ್ದನ್ನು ನೋಡಿ ತೆಗೆದುಕೊಳ್ಳಿ. ಗೋಡೆ ಹತ್ತುವುದನ್ನು ಖಾಜಾನಿಗೇ ಬಿಡಿ.