ಹೆಣ್ಣುಮಕ್ಕಳಿಗೆ ಲೆಕ್ಕ ಹತ್ತುವುದಿಲ್ಲವೇ?

ಪ್ರಶ್ನೆ: ಮಗಳು ಒಂಬತ್ತನೇ ಕ್ಲಾಸು, ಗಣಿತದಲ್ಲಿ ಹಿಂದೆ. ಹುಡುಗರ ಮಿದುಳೇ ಲೆಕ್ಕಕ್ಕೆ ಸರಿ ಅಂತಾರೆ, ನಿಜವಾ ಮೇಡಂ? ಪಿಯುಸಿಗೆ ಆರ್ಟ್ಸ್ ಕೊಡಿಸಿಬಿಡೋಣವಾ?

ಪ್ರತಿ ವರ್ಷ ಪೇರೆಂಟ್ಸ್ ಮೀಟಿಂಗ್ ಮುಗಿದ ಮೇಲೆ ಯಾರಾದರೊಬ್ಬರು ಇದನ್ನು ಕೇಳಿಯೇ ಕೇಳುತ್ತಾರೆ. ಉತ್ತರ ಪ್ರತಿ ಸಲವೂ ಒಂದೇ: ಸುಳ್ಳು. ಮಗಳಿಗೆ ಆರ್ಟ್ಸ್ ಇಷ್ಟವಿದ್ದರೆ ಖಂಡಿತ ಕೊಡಿಸಿ. ಲೆಕ್ಕ ಬರಲ್ಲ ಅಂದುಕೊಂಡು ಮಾತ್ರ ಬೇಡ.

ಆ 'ಮಿದುಳಿನ' ಮಾತನ್ನೇ ನೋಡೋಣ. 2008ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞೆ ಜಾನೆಟ್ ಹೈಡ್ ಮತ್ತು ಜೊತೆಗಾರರು 70 ಲಕ್ಷಕ್ಕೂ ಜಾಸ್ತಿ ಮಕ್ಕಳ ಗಣಿತದ ಅಂಕಗಳನ್ನು ಜಾಲಾಡಿದರು. ಎರಡರಿಂದ ಹನ್ನೊಂದನೇ ತರಗತಿಯವರೆಗೆ ಹುಡುಗ, ಹುಡುಗಿಯರ ಸರಾಸರಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವೇ ಸಿಗಲಿಲ್ಲ. 2025ರಲ್ಲಿ ಪ್ರಕಟವಾದ ಫ್ರಾನ್ಸಿನ ಅಧ್ಯಯನ ನನ್ನನ್ನು ಇನ್ನೂ ಜಾಸ್ತಿ ಕಾಡಿತು. ಅಲ್ಲಿ 25 ಲಕ್ಷಕ್ಕೂ ಹೆಚ್ಚು ಮಕ್ಕಳಿದ್ದರು. ಒಂದನೇ ತರಗತಿಗೆ ಸೇರುವಾಗ ಇಬ್ಬರೂ ಹೆಚ್ಚುಕಡಿಮೆ ಸಮ. ನಾಲ್ಕೇ ತಿಂಗಳ ನಂತರ ನೋಡಿದರೆ ಹುಡುಗರು ಮುಂದೆ. ಈ ಅಂತರ ಬೆಳೆದದ್ದು ವಯಸ್ಸಿನ ಜೊತೆ ಅಲ್ಲ, ಶಾಲೆಯಲ್ಲಿ ಕಳೆದ ದಿನಗಳ ಜೊತೆ. ಹುಟ್ಟಿನಿಂದ ಬಂದದ್ದಾಗಿದ್ದರೆ ಶಾಲೆ ಶುರುವಾಗುವವರೆಗೆ ಕಾಯುತ್ತಿತ್ತಾ?

ಶಾಲೆಯಲ್ಲಿ ಏನಾಗುತ್ತದೆ ಅಂತ ನನ್ನ ಕ್ಲಾಸಿನಲ್ಲೇ ಕಂಡಿದ್ದೇನೆ. ಒಂದು ವರ್ಗ ಸಮೀಕರಣ ಕೊಟ್ಟಿದ್ದೆ. ಒಬ್ಬಳು 2, 3 ಎಂದು ಎರಡೂ ಸರಿಯುತ್ತರ ಬರೆದಿದ್ದಳು. ಪಕ್ಕದ ಸಾಲಿನ ಹುಡುಗ "ಮೂರೊಂದೇ ಮಿಸ್!" ಅಂತ ಕೂಗಿದ. ಅವಳು ಸದ್ದಿಲ್ಲದೆ ರಬ್ಬರು ತೆಗೆದು 2ನ್ನು ಅಳಿಸಿಬಿಟ್ಟಳು. ನಾನು ಅವಳ ಬೆನ್ನ ಹಿಂದೆಯೇ ನಿಂತಿದ್ದೆ. ಬೋರ್ಡಿಗೆ ಕರೆದು ಎರಡನ್ನೂ ತಾಳೆ ನೋಡಿಸಿದೆ. ಈಗ ಅವಳು ರಬ್ಬರು ಮುಟ್ಟುವ ಮುಂಚೆ ತಾಳೆ ನೋಡುತ್ತಾಳೆ. ಲೆಕ್ಕ ಅವಳಿಗೆ ಮೊದಲೇ ಬರುತ್ತಿತ್ತು, ಅಲ್ವಾ?

ಮನೆಯಲ್ಲೂ ಸ್ವಲ್ಪ ಗಮನಿಸಿ. ಅಂಗಡಿಗೆ ಹೋಗಿ ಚಿಲ್ಲರೆ ಎಣಿಸಿ ತರುವವರು ಯಾರು, ಮಗನಾ ಮಗಳಾ?

ಇನ್ನು ಗಂಡುಮಕ್ಕಳ ವಿಷಯ. ಇದನ್ನು ಯಾರೂ ಕೇಳುವುದೇ ಇಲ್ಲ. 2024ರ ಎಸ್ಸೆಸ್ಸೆಲ್ಸಿಯಲ್ಲಿ ಎಲ್ಲ ವಿಷಯ ಸೇರಿ ನಮ್ಮ ರಾಜ್ಯದ ಹುಡುಗಿಯರಲ್ಲಿ ಶೇ. 81.11 ಪಾಸಾದರು, ಹುಡುಗರಲ್ಲಿ ಶೇ. 65.90 ಮಾತ್ರ. ನನ್ನ ಕ್ಲಾಸಿನ ಎಷ್ಟೋ ಹುಡುಗರು ವಾಕ್ಯರೂಪದ ಲೆಕ್ಕಗಳನ್ನು ಸುಮ್ನೆ ಬಿಟ್ಟು ಬರುತ್ತಾರೆ. ಕೂಡಿ ಕಳೆಯಲು ಗೊತ್ತು, ಮೂರು ಸಾಲಿನ ಪ್ರಶ್ನೆ ಓದಲು ತಡವರಿಸುತ್ತಾರೆ. ಶನಿವಾರ ಕ್ಲಾಸು ಬಿಟ್ಟ ಮೇಲೆ ಅವರನ್ನು ಕೂರಿಸಿಕೊಂಡು ಪ್ರಶ್ನೆಯನ್ನಷ್ಟೇ ಗಟ್ಟಿಯಾಗಿ ಓದಿಸುತ್ತೇನೆ. ಎರಡನೇ ಸಲ ಓದುವಷ್ಟರಲ್ಲಿ ಅರ್ಧ ಹುಡುಗರು ಪೆನ್ಸಿಲ್ ಕೈಗೆತ್ತಿಕೊಂಡಿರುತ್ತಾರೆ.